ಉರಿಗೂಳಿನ ಮಲಗಿಸಿದಾಕಿ

"ಹಲೋ... ಹಲೋ, ಯಾರ್ರಿ ಮಾತಾಡೋದು? ಹನುಮಂತರಾಯರ ಮೊಬೈಲ್ ಅಂಗಡಿ ಅಲ್ಲೇನ್ರಿ, ಸಿಂಧನೂರು?... ಹಾಂ, ನೀವೇ ಏನು. ಚಲೋ ಆತು. ನಾ ದೀಪಾ ಮಾತಾಡಾಕತ್ತೀನಿ, ಲಿಂಗಸುಗೂರಿಂದ..."

ಅವ್ವನ ಫೋನನ್ನು ಕಿವಿಗೆ ಒತ್ತಿ ಹಿಡಿದು ದೀಪಾ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಳು. ವಾರವೆಲ್ಲ ತಹಶೀಲ ಕಚೇರಿಯ ಪಹಣಿ ಕೌಂಟರಿನಲ್ಲಿ ಕೂತು ದನಿ ಗಟ್ಟಿಯಾದವಳು. ಐತವಾರ ಒಂದೇ ಆಕೆಯದು. ಈ ಐತವಾರ ಮಧ್ಯಾಹ್ನ ಎರಡಕ್ಕೆ ಸಿಂಧನೂರಿನ ಈ ಹನುಮಂತರಾಯನ ಅಂಗಡಿಯಲ್ಲಿ ಪ್ರಾಣಿ ಕಾಳಗದ ಮೊಬೈಲ್ ಆಟದ ಫೈನಲ್. ಹೋದ ವಾರ ಮನೆಯಲ್ಲೇ ಕೂತು ಸೆಮಿಫೈನಲಿನಲ್ಲಿ ಮಸ್ಕಿಯ ರಾಜೇಶನನ್ನು ಸೋಲಿಸಿದ್ದಳು. ಈಗ ಜಡೆ ಹಾಕಿಕೊಂಡು ಬಸ್ಸಿಗೆ ಹೊರಡುವಷ್ಟರಲ್ಲಿ ವಾಟ್ಸಾಪಿಗೆ ಪಟ್ಟಿ ಬಂದಿತ್ತು. ಆಕೆಯ ಹೆಸರಿನ ಜಾಗದಲ್ಲಿ ರಾಜೇಶನ ಹೆಸರು.

"ಸುತ್ತು ಬಳಸಿ ಮಾತಾಡಬ್ಯಾಡ್ರಿ. ನನ್ನ ಹೆಸರು ಯಾಕ ತೆಗದ್ರಿ?... ಕಮಿಟಿ? ಯಾವ ಕಮಿಟಿ? ನೀವೊಬ್ಬರು. ಇನ್ಯಾರು ಅದಾರ?... ರಾಜೇಶಗ ಸ್ವಾದರಮಾವನೂ ನೀವೇ, ಹೌದಿಲ್ಲೋ?..."

"ಉರಿಗೂಳಿ?... ಉರಿಗೂಳಿ ಇಟಗೊಂಡಿದ್ದು ತಪ್ಪೇನು? ರೂಲಿನ್ಯಾಗ ಎಲ್ಲೈತಿ, ತೋರಿಸ್ರಿ... ಭಾಳ ಜೋರೈತಿ ಅಂದ್ರ? ಜೋರೈತಿ ಅಂತನೇ ಇಟಗೊಂಡೀನಿ. ರಾಜೇಶನ ಹತ್ರಾನೂ ಇತ್ತಲ್ರಿ. ಅವನದು ನ್ಯಾಯದ ಗೂಳಿ, ನಂದು ಅನ್ಯಾಯದ್ದೇನು?..."

ಆ ಆಟದಲ್ಲಿ ಒಬ್ಬೊಬ್ಬರಿಗೆ ಮೂರು ಪ್ರಾಣಿ; ಕಣದಲ್ಲಿ ಒಂದೇ, ಬೇಕೆಂದಾಗ ಅದನ್ನು ಒಳಗೆ ಕರೆದು ಇನ್ನೊಂದನ್ನು ಬಿಡಬಹುದು. ಅದರಲ್ಲಿ ಉರಿಗೂಳಿ ಎಂದರೆ ಎಲ್ಲರಿಗೂ ದಿಗಿಲು. ಮೊದಲ ಪಾಳಿಯಲ್ಲಿ ಅದು ಸುಮ್ಮನೆ ನಿಂತು ನೆಲ ಕೆರೆಯುತ್ತದೆ. ಕೆರೆದ ಮೇಲೆ ಬಲ ಎರಡು ಪಟ್ಟು. ಒಂದೊಂದು ಗುದ್ದಿಗೆ ಎದುರಿನ ಒಂದೊಂದು ಪ್ರಾಣಿ ನೆಲ ಕಚ್ಚುತ್ತದೆ. ದೀಪಾ ಎಂಟು ತಿಂಗಳು ಅದನ್ನು ಸಾಕಿದ್ದಳು, ಕಚೇರಿಯ ಊಟದ ಬಿಡುವಿನಲ್ಲಿ, ಬಸ್ಸಿಗೆ ಕಾಯುವಾಗ.

"ಏನಂದ್ರಿ?... ಇನ್ನೊಮ್ಮೆ ಹೇಳ್ರಿ... ನಾ ಆಡಿಲ್ಲ? ಮತ್ತ ಯಾರು ಆಡ್ಯಾರ?... ತಮ್ಮ? ಯಾವ ತಮ್ಮರೀ?..."

ತಿರುಗಾಟ ನಿಂತಿತು. ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಪಾರ್ವತೆಮ್ಮ ಮೊರ ಕೆಳಗಿಟ್ಟು ಮಗಳ ಮುಖ ನೋಡಿದಳು.

"ನಮ್ಮಪ್ಪಗ ನಾವು ಮೂರೂ ಹೆಣ್ಣುಮಕ್ಕಳು! ತಮ್ಮನ್ನ ಎಲ್ಲಿಂದ ತಂದ್ರಿ? ಯವ್ವಾ, ಕೇಳಿದಿ? ನನಗ ಸಿಂಧನೂರಾಗ ಒಬ್ಬ ತಮ್ಮ ಹುಟ್ಯಾನಂತ!... ನಗಬ್ಯಾಡ್ರಿ. ನಾ ನಗಸಾಕ ಫೋನ್ ಮಾಡಿಲ್ಲ... ಏನು, ಏನು? ಹೆಣ್ಣುಮಕ್ಕಳಿಗೆ ಇಷ್ಟು ತಲಿ ಓಡಂಗಿಲ್ಲ?... ಹಾಂ. ಈಗ ಖರೇ ಮಾತು ಬಂತು ನೋಡ್ರಿ. ಗೂಳಿ ಬರೇ ನೆಪ."

ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. ಆಕೆ ಅದನ್ನು ಮುಂಗೈಯಿಂದ ಒರೆಸಿ ಕಟ್ಟೆಯ ಮೇಲೆ ಕೂತಳು. ಅವ್ವನ ಫೋನಿನ ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟು, ಆಡಲು ತನ್ನದನ್ನು ತೆಗೆದಳು.

"ರಾಜೇಶ ಅಲ್ಲೇ ಅದಾನೇನು?... ಸ್ಪೀಕರ್ ಹಾಕ್ರಿ. ಅಂಗಡ್ಯಾಗ ಎಷ್ಟು ಮಂದಿ ಅದಾರ?... ಹತ್ತು ಹನ್ನೆರಡು ಸಾಕು. ಎಲ್ಲಾರೂ ಕೇಳ್ರಿ. ರಾಜೇಶ ಉರಿಗೂಳಿ ಇಟಗೊಳ್ಳಲಿ. ನಾ ಇಟಗೊಳ್ಳಂಗಿಲ್ಲ. ಈಗಿಂದೀಗ ಒಂದು ಆಟ. ಒತ್ತಿದ ಕೂಡಲೇ ಯಾಕ ಒತ್ತಿದೆ ಅಂತ ಬಾಯಿಬಿಟ್ಟು ಹೇಳ್ತೀನಿ. ಆಡೋಳು ನಾನೋ ಇಲ್ಲಾ ಹುಟ್ಟದ ತಮ್ಮನೋ, ನೀವೇ ನೋಡ್ರಿ... ಯಾಕಪ ರಾಜೇಶ, ಹೆದರಿದೇನು?... ಹಂಗಾರ ಆಟದ ರೂಮ್ ನಂಬರ್ ಹೇಳು..."

"ಗೂಳಿನೇ ಮೊದಲು ಬಿಟ್ಟಿ? ಬಿಡು. ನಾ ಕೆಸರುಗಪ್ಪಿ ಬಿಟ್ಟೀನಿ... ಹಾಂ, ಕಪ್ಪಿನೇ. ನಗ್ರಿ, ಎಲ್ಲಾರೂ ಈಗೇ ನಕ್ಕು ಬಿಡ್ರಿ..."

"ಮೊದಲನೇ ಪಾಳಿ. ಅವನ ಗೂಳಿ ನೆಲ ಕೆರೀತು, ನನ್ನ ಕಪ್ಪಿ ಆಕಳಿಸ್ತು. ಯಾಕ ಗೊತ್ತೇನು? ಕೆರಿಯೋ ಹೊತ್ತಿನ್ಯಾಗ ಗೂಳಿ ಹೊಡಿಯಂಗಿಲ್ಲ. ಆ ಪಾಳಿ ನಮಗ ಪುಕಟ. ಹೊಡದು ಹಾಳು ಮಾಡಬಾರದು. ಆಕಳಿಸಿದ್ರ ಆಕಳಿಕಿ ಗೂಳಿಗೂ ಹತ್ತತೈತಿ, ಮುಂದಿನ ಪಾಳಿ ಮುಗಿಯೋದ್ರಾಗ ಮಲಗತೈತಿ..."

"ಎರಡನೇದು. ಗುದ್ದಾಕ ಬಂತು. ಕಪ್ಪಿ ಕೆಸರಾಗ ಮುಳುಗ್ತು. ತಾಕಲಿಲ್ಲ... ಹಾಂ, ನೋಡ್ರೀಗ. ಬಿತ್ತು ನಿದ್ದಿಗೆ!... ಯಾಕ, ನಗು ನಿಂತ್ಹೋತು?..."

ಪಾರ್ವತೆಮ್ಮ ಮೆಲ್ಲಗೆ ಬಂದು ಮಗಳ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಉರಿಯುವ ಕೊಂಬಿನ ದೊಡ್ಡ ಗೂಳಿ ಕಾಲು ಮಡಚಿ ಮಲಗಿತ್ತು. ಅದರ ಮುಂದೆ ಅಂಗೈಯಗಲದ ಕಪ್ಪೆ.

"ರಾಜೇಶ, ಕೇಳಿಲ್ಲಿ. ಆಕಳಿಸಿದ ಕೂಡಲೇ ಗೂಳಿನ ಒಳಗ ಕರಕೊಂಡಿದ್ರ ನಿದ್ದಿ ಹತ್ತತಿರಲಿಲ್ಲ. ಆದ್ರ ಕೆರದು ಗಳಿಸಿದ ಬಲ ಹೋಗತೈತಿ ಅಂತ ನಿನಗ ಆಸಿ. ಹೋದ ಐತವಾರ ನೀ ನನ್ನ ಗೂಳಿಗೆ ಇದೇ ಆಕಳಿಕಿ ಹಚ್ಚಿದ್ದಿ, ನೆನಪೈತೇನು?... ನಾ ಆಸಿ ಬಿಟ್ಟೆ, ಒಳಗ ಕರಕೊಂಡೆ, ಮುಂದ ಮತ್ತ ತಂದು ಕೆರಿಸಿದೆ. ಅದಕ್ಕ ಗೆದ್ದೆ. ಯಾವ ತಮ್ಮನೂ ಹೇಳಿಕೊಟ್ಟಿಲ್ಲ..."

"ವಿಷ ಉಗುಳೀನಿ... ಇನ್ನೊಮ್ಮೆ... ಎದ್ರೂ ಫಾಯ್ದೆ ಇಲ್ಲ ಈಗ... ಬಿತ್ತು."

ರಾಜೇಶನ ಉಳಿದೆರಡು ಪ್ರಾಣಿಗಳು ನಾಲ್ಕು ನಿಮಿಷವೂ ತಡೆಯಲಿಲ್ಲ. ಪರದೆಯ ಮೇಲೆ ಗೆಲುವು ಮೂಡಿತು. ಗೆದ್ದ ಖುಷಿ ಬರಬೇಕಿದ್ದ ಜಾಗದಲ್ಲಿ ದೀಪಾಗೆ ಇನ್ನಷ್ಟು ಸಿಟ್ಟೇ ಬಂತು. ಗೆದ್ದದ್ದನ್ನೇ ಎರಡನೇ ಸಲ ಗೆಲ್ಲಬೇಕಾಯಿತಲ್ಲ ಎಂದು.

"ಹಲೋ? ಹನುಮಂತರಾಯರ, ಅದೀರೇನು?... ಹಾಂ, ಈಗ ಬಾರವ್ವ ಅಂತೀರಿ. ಬರ್ತೀನಿ. ಹನ್ನೊಂದರ ಬಸ್ಸಿಗೆ ಹತ್ತಿದ್ರ ಮಸ್ಕಿ ದಾಟಿ ಒಂದರೊಳಗ ಅಲ್ಲಿರ್ತೀನಿ... ಗೂಳಿ ಬಿಟ್ಟು ಬರಬೇಕಾ? ಬಿಡಂಗಿಲ್ರಿ. ರೂಲ್ ತಿದ್ದೋದಿದ್ರ ಮುಂದಿನ ವರ್ಷ ತಿದ್ದ್ರಿ, ಎಲ್ಲಾರಿಗೂ ತಿದ್ದ್ರಿ..."

"ತಡೀರಿ, ಫೋನ್ ಇಡಬ್ಯಾಡ್ರಿ. ಪಟ್ಟಿ ಈಗೇ ಸರಿ ಮಾಡ್ರಿ. ಏನು ಬರದ್ರಿ?... 'ಪಂಪಾಪತಿಯವರ ಮಗಳು'? ಆಟ ನಮ್ಮಪ್ಪ ಆಡ್ಯಾನೇನು? ನನಗ ಹೆಸರೈತಿ. ಅದನ್ನ ಬರೀರಿ... ಬರದ್ರಿ? ಓದ್ರಿ ಹಂಗಾರ, ಆ ಮಂದಿ ಮುಂದ... ಯಾಕ, ಬಾಯಿ ಬರವಲ್ದೇನು?..."

ಆಮೇಲೆ ಓದಿದ ದನಿ ಹನುಮಂತರಾಯನದಲ್ಲ, ರಾಜೇಶನದು. ದೀಪಾ, ಲಿಂಗಸುಗೂರು ಎಂದು ಓದಿದ. ಓದಿ, ಹೋದ ಐತವಾರ ತನ್ನನ್ನು ಸೋಲಿಸಿದವಳೂ ಈಕೆಯೇ ಎಂದು ತಾನಾಗಿ ಹೇಳಿದ.

ದೀಪಾ ಎದ್ದು ನಿಂತಳು.

"ಇನ್ನೂ ಗಟ್ಟಿಯಾಗಿ ಹೇಳಪ ರಾಜೇಶ. ನಿಮ್ಮ ಮಾವಗ ಕೇಳ್..."

ಆ ಕಡೆಯಿಂದ ಲೈನು ಕಟ್ಟಾಯಿತು.