ನೆಲಮಾಳಿಗೆಯಲ್ಲಿಲ್ಲದ ಕಡತ

ಮತ್ತೆ ಬಂದೆಯಾ ಮಗಳೇ? ಬಾ, ಬಾ... ಆ ಬಾಗಿಲು ಜೋರಾಗಿ ಎಳೆದುಕೋ, ಇಲ್ಲದಿದ್ರೆ ಗಾಳಿ ಕಾಗದವನ್ನೆಲ್ಲ ಹಾರಿಸಿಬಿಡುತ್ತೆ. ಏನಂದ್ರು ಶೆರೀಫ್ ಕಚೇರೀಲಿ? ಬೆಳಿಗ್ಗೇನೇ ಹೇಳಿದ್ದೆನಲ್ಲ, ಕುಡಿದು ಗಾಡಿ ಓಡಿಸಿದವರನ್ನ ಹಿಡಿದ ದಾಖಲೆ ರಸ್ತೆಯಾಚೆ ಅವರ ಹತ್ರ, ವಿಚಾರಣೆಯದ್ದು ಈ ಕೋರ್ಟಿನಲ್ಲಿ ನನ್ನ ಹತ್ರ ಅಂತ. ನಮ್ಮ ಕೌಂಟಿಯೇ ಹೀಗೆ. ಇರೋದು ನಾಲ್ಕು ಸಾವಿರ ಜನ, ಒಂದು ಕಾಗದ ಹುಡುಕೋಕೆ ಎರಡು ಬಾಗಿಲು ತಟ್ಟಬೇಕು!

ಏನದು, ಚೀಟಿಯಾ? ಕೊಡು ನೋಡೋಣ... ಕನ್ನಡಕ ಎಲ್ಲಿಟ್ಟೆ... ಅಯ್ಯೋ, ತಲೆ ಮೇಲೇ ಇದೆ. ನಗು, ನಗು. ನಿಮ್ಮಮ್ಮನೂ ಇದಕ್ಕೇ ನಗ್ತಿದ್ದಳು.

'ವರ್ಲಿನ್ ಸ್ಟ್ರೋಬೆಲ್. ಎರಡು ವರ್ಷದ ಹಿಂದೆ, ಸೆಪ್ಟೆಂಬರ್ ಹದಿನೇಳು. ಕುಡಿದು ವಾಹನ ಓಡಿಸಿದ್ದಕ್ಕೆ ಬಂಧನ.'

ಹೂಂ... ಕೇಸ್ ನಂಬರೂ ಬರೆದುಕೊಟ್ಟಿದ್ದಾರೆ. ಲೊರೇನ್ ಬರೆದದ್ದಲ್ವಾ ಇದು? ಅವಳ ಏಳು ಒಂದರ ಹಾಗೇ ಕಾಣುತ್ತೆ, ನಂಬೋ ಹಾಗಿಲ್ಲ... ಏನು, ಎರಡೆರಡು ಸಲ ಓದಿ ಹೇಳಿದಳಾ? ಸರಿ ಬಿಡು.

ಗೊತ್ತು ತಾಯಿ, ಸೋಮವಾರ ಅವನಿಗೆ ಶಿಕ್ಷೆ ಹೇಳ್ತಾರೆ. ಕುಡಿದು ಓಡಿಸಿದ್ದು ಇದು ಮೊದಲನೇ ಸಲವೋ ಎರಡನೆಯದೋ ಅನ್ನೋದರ ಮೇಲೇ ಎಲ್ಲ ನಿಂತಿದೆ. ಆದರೆ ರಾಜಧಾನಿಯಿಂದ ಬಂದ ಹಳೇ ತಪ್ಪುಗಳ ಪಟ್ಟೀಲಿ ಅವನ ಹೆಸರಿನ ಮುಂದೆ ಏನೂ ಇಲ್ಲವಲ್ಲ. ಸರ್ಕಾರಿ ವಕೀಲರು ಓದಿದರಲ್ಲ ಅದನ್ನ. ಅವರೂ ಹೊಸಬರು, ನ್ಯಾಯಾಧೀಶರೂ ಹೊಸಬರು, ಕಾಗದ ಏನು ಹೇಳುತ್ತೋ ಅದೇ ಅವರಿಗೆ ವೇದವಾಕ್ಯ... ಹಾಗೆ ನೋಡಬೇಡ ಮಗಳೇ. ನಾನೇನು ಹುಡುಕೋದಿಲ್ಲ ಅಂದೆನಾ?

ಕಂಪ್ಯೂಟರಿನಲ್ಲಿ ಸಿಗಲ್ಲ. ಅದು ಬಂದದ್ದೇ ಹೋದ ವರ್ಷ ಜನವರೀಲಿ. ಅದಕ್ಕೂ ಮುಂಚಿನದೆಲ್ಲ ನೆಲಮಾಳಿಗೇಲಿ, ರಟ್ಟಿನ ಪೆಟ್ಟಿಗೆಗಳಲ್ಲಿ. ಅಲ್ಲಾದರೋ ವಸಂತದಲ್ಲಿ ಕೊಳಾಯಿ ಒಡೆದು ಮೊಣಕಾಲವರೆಗೆ ನೀರು... ಎಷ್ಟು ಪೆಟ್ಟಿಗೆ ಒದ್ದೆಯಾದವೋ ಆ ಕರ್ತನಿಗೇ ಗೊತ್ತು.

ಕಾಯ್ತೀಯಾ? ಕಾಯಿ, ಕಾಯಿ. ಕೂತುಕೋ. ಕಾಫಿ ಕುಡೀತೀಯಾ? ಬೇಡವಾ...

ಅದೇ ಕುರ್ಚೀಲೇ ನಿಮ್ಮಮ್ಮ ಕೂರ್ತಿದ್ದದ್ದು. ಚುನಾವಣೆ ದಿನ ನಾವಿಬ್ಬರೂ ಒಂದೇ ಮೇಜಿಗೆ ಕೂತು ಬಂದವರ ಹೆಸರಿಗೆ ಗುರುತು ಹಾಕ್ತಿದ್ವಿ, ಹದಿನಾರು ವರ್ಷ. ಗಸಗಸೆ ತುಂಬಿದ ಕೊಲಾಚಿ ಬನ್ನು ಮಾಡಿ ತರೋಳು, ಬಟ್ಟೆ ಬಿಚ್ಚಿದರೆ ಇನ್ನೂ ಬಿಸಿ ಇರೋದು. ಅವಳು ಕಥೋಲಿಕಳು, ನಾನು ಲುಥೆರನ್ ಸಭೆಯವಳು. 'ಆಲ್ಮಾ, ಸ್ವರ್ಗದಲ್ಲಿ ನಿಮ್ಮವರಿಗೆ ಬೇರೆ ಕೋಣೆಯಂತೆ ಕಣೇ. ಅದರೊಳಗೆ ನಗೋ ಹಾಗಿಲ್ಲವಂತೆ!' ಅಂತ ರೇಗಿಸೋಳು. ನಾನೂ ಬಿಡ್ತಿರಲಿಲ್ಲ. 'ಇರಲಿ ಇರ್ಮಾ, ನಿಮ್ಮ ಕೋಣೇಲಿ ಗಲಾಟೆ ಜಾಸ್ತಿ, ನಿದ್ದೆ ಬರಲ್ಲ' ಅಂತಿದ್ದೆ. ಈ ಸಲ ಆ ಕುರ್ಚಿಗೆ ಬೇರೆ ಯಾರನ್ನೋ ಕಳಿಸಿದ್ರು. ನನಗೆ ಅವರ ಮುಖ ನೋಡೋಕೇ ಆಗಲಿಲ್ಲ.

ಆಂ? ಏನಂದೆ?

...ಲೊರೇನ್ ಅದನ್ನೂ ಹೇಳಿಬಿಟ್ಟಳಾ.

ಹೌದು. ವರ್ಲಿನ್ ನನ್ನ ತಮ್ಮ, ಸ್ಟ್ರೋಬೆಲ್ ನನ್ನ ತವರಿನ ಹೆಸರು. ಮುಚ್ಚಿಡಬೇಕು ಅಂತಲ್ಲ, ಮಗಳೇ... ಬೆಳಿಗ್ಗೆ ನೀನು ಅವನ ಹೆಸರು ಹೇಳಿದಾಗ ನಾಲಿಗೆ ಏಳಲಿಲ್ಲ. ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ, ನನಗೆ ಇಪ್ಪತ್ತು. ಸಾಕಿದವಳು ನಾನು. ಕೈ ಹಿಡಿದು ಪ್ರಾರ್ಥನೆ ಕಲಿಸಿದವಳೂ ನಾನೇ. ಪ್ರತಿ ಬುಧವಾರ ಜೈಲಿಗೆ ಹೋಗ್ತೀನಿ. ಗಾಜಿನ ಆ ಕಡೆ ತಲೆ ತಗ್ಗಿಸಿ ಕೂತಿರ್ತಾನೆ. 'ಅವಳು ಕೈ ಬೀಸಿದಳು ಅಕ್ಕಾ, ನನ್ನನ್ನ ನೋಡಿ ಕೈ ಬೀಸಿದಳು' ಅಂತಾನೆ. ಅಷ್ಟು ಬಿಟ್ಟು ಬೇರೆ ಮಾತಿಲ್ಲ.

ನಿನಗೆ ಅವನ ಮೇಲೆ ಕನಿಕರ ಬರಲಿ ಅಂತ ಹೇಳಲಿಲ್ಲ. ಇಲ್ಲಮ್ಮಾ. ಅದನ್ನ ನಾನು ದೇವರ ಹತ್ರಾನೂ ಕೇಳಿಲ್ಲ.

ಹಾಡುಹಗಲು, ಮಧ್ಯಾಹ್ನ ನಾಲ್ಕು ಗಂಟೆ. ನಿಮ್ಮ ಮನೆ ಮುಂದಿನ ಜಲ್ಲಿ ರಸ್ತೆ. ಇರ್ಮಾ ಅಂಚೆ ಡಬ್ಬಿಗೆ ಕಾಗದ ಹಾಕಿ, ಅಂಚೆಯವನಿಗೆ ಗುರುತಾಗಲಿ ಅಂತ ಡಬ್ಬಿಯ ಕೆಂಪು ಬಾವುಟ ಎತ್ತಿ, ಇನ್ನೇನು ತಿರುಗಬೇಕು, ಅಷ್ಟರಲ್ಲಿ ಅವನ ಗಾಡಿ... ಆ ಕಾಗದ ನಿನಗೇ ಬರೆದದ್ದಾ? ಬಂದು ಮುಟ್ಟಿತಾ?

ಮಣ್ಣು ಮಾಡಿದ ಮೂರನೇ ದಿನ ಬಂತಾ...

ಕರ್ತನೇ. ನನ್ನ ಕರ್ತನೇ.

ಯಾಕೆ ನನ್ನ ಕೈಯನ್ನೇ ನೋಡ್ತಿದ್ದೀಯ? ಈ ಡ್ರಾಯರಾ? ಇದರಲ್ಲಿ ಏನೂ ಇಲ್ಲ. ನನ್ನ ಪ್ರಾರ್ಥನೆ ಪುಸ್ತಕ, ಊಟದ ಡಬ್ಬಿ... ಹೌದು, ನೀನು ಬಂದಾಗಿನಿಂದ ಇದರ ಮೇಲೇ ಕೈ ಇಟ್ಟಿದ್ದೀನಿ. ಮುದುಕಿಯ ಅಭ್ಯಾಸ.

...ಕೇಳಿಸ್ತು ಮಗಳೇ, ಮತ್ತೆ ಕೇಳಬೇಡ. ಕಡತ ನೆಲಮಾಳಿಗೇಲಿ ಇಲ್ಲ. ಒದ್ದೆಯಾಗಿಲ್ಲ. ಇಗೋ. ನಿಮ್ಮಮ್ಮ ಹೋದ ಮಾರನೇ ದಿನ ಮೇಲೆ ತಂದು ಇಲ್ಲಿಟ್ಟುಕೊಂಡೆ. ಈಗ ಹೇಳಿದೆನಲ್ಲ, ಸಾಕಾ? ಸ್ವಂತ ತಮ್ಮ... ನಾಚಿಕೆ... ಬೇರೆಯವರ ಕೈಗೆ ಸಿಗೋದು ಬೇಡ ಅಂತ. ಇಷ್ಟೇ ನನ್ನ ಪಾಪ.

ತೆಗೆದುಕೋ, ಓದು. ನಿನಗೆ ಹಕ್ಕಿದೆ. ಇದು ಪೊಲೀಸರ ವರದಿ. ಇದು ಅವನು ತಪ್ಪೊಪ್ಪಿಕೊಂಡದ್ದು. ಕೊಯ್ಲಿನ ಕಾಲ, ಹೊಲದ ತುಂಬ ಜೋಳ ನಿಂತಿತ್ತು, ಹಳೇ ನ್ಯಾಯಾಧೀಶರ ಮುಂದೆ ಅತ್ತುಬಿಟ್ಟ ಪಾಪ. ಇದು ತೀರ್ಪು. ಒಂದು ವರ್ಷ ಗಾಡಿ ಓಡಿಸೋ ಹಾಗಿಲ್ಲ. ನೋಡು, ಸ್ಪಷ್ಟವಾಗಿದೆ. ಸೋಮವಾರಕ್ಕೆ ಈ ಒಂದು ಹಾಳೆ ಸಾಕು. ಇದಕ್ಕೇ ಕಚೇರಿ ಮುದ್ರೆ ಒತ್ತಿ ಪ್ರತಿ ಕೊಡ್ತೀನಿ. ಈ ಕಬ್ಬಿಣದ ಮುದ್ರೆ ನೋಡು, ನನ್ನ ಸರ್ವೀಸಿನಷ್ಟೇ ಹಳೇದು, ಮೂವತ್ತೊಂದು ವರ್ಷ. ಸುಳ್ಳಿನ ಮೇಲೆ ಒಂದು ಸಲವೂ ಒತ್ತಿಲ್ಲ. ಒಂದು ಸಲವೂ...

ಸಾಕು, ಅಲ್ಲಿಗೆ ನಿಲ್ಲಿಸು. ಆಮೇಲೆ ಇರೋದೆಲ್ಲ ಬರೀ ಕಚೇರಿ ಕಾಗದ. ನಿನಗೆ ಅರ್ಥ ಆಗಲ್ಲ. ಬೇಡ... ಪಿನ್ನು ಚುಚ್ಚುತ್ತೆ, ಬಿಡು ಅದನ್ನ.

ಅದಾ? ಅದು... ಹೌದು, ಮೂರು ಹಾಳೆ. ಲೈಸೆನ್ಸ್ ತಡೆಯೋ ನೋಟಿಸು, ಒಂದೇ ವಿಷಯ, ಮೂರು ಪ್ರತಿ. ಹಳದಿಯದು ಕಡತಕ್ಕೆ. ಗುಲಾಬಿಯದು ಶೆರೀಫರಿಗೆ. ಬಿಳಿಯದು...

ಕೆಳಗೆ ಅಚ್ಚು ಹಾಕಿದ್ದನ್ನ ಓದ್ತಿದ್ದೀಯಾ? ಓದು.

ಹೂಂ. ಬಿಳಿಯದು ಹತ್ತು ದಿನದೊಳಗೆ ರಾಜಧಾನಿಗೆ ಹೋಗಬೇಕು. ಅಲ್ಲಿಂದ ಅವನ ಮನೆಗೆ ಪತ್ರ ಬರುತ್ತೆ. ಆ ಪತ್ರ ಬಂದ ದಿನದಿಂದ ಅವನು ಗಾಡಿ ಮುಟ್ಟೋ ಹಾಗಿಲ್ಲ. ನಿಯಮ ಅದು.

ಹೌದು ಮಗಳೇ, ಆ ಬಿಳಿಯದು ಇನ್ನೂ ಇಲ್ಲೇ ಇದೆ.

ಕೊಯ್ಲು ಮುಗಿಯಲಿ, ಆಮೇಲೆ ಕಳಿಸೋಣ ಅಂತ ಈ ಡ್ರಾಯರಿನಲ್ಲೇ ಇಟ್ಟೆ. ಹೊಲದಿಂದ ಕಾಳು ಸಾಗಿಸೋಕೆ ಅವನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆಮೇಲೆ ಕ್ರಿಸ್ಮಸ್ ಬಂತು. ಅವನು ಕುಡಿಯೋದು ಬಿಟ್ಟಿದ್ದ! ಪ್ರತಿ ಭಾನುವಾರ ಚರ್ಚಿನಲ್ಲಿ ನನ್ನ ಪಕ್ಕ ಕೂರ್ತಿದ್ದ, ಒಗೆದ ಅಂಗಿ ಹಾಕಿಕೊಂಡು. ಒಂದಿನ ಮೆಟ್ಟಿಲಿಳಿಯುವಾಗ ಮೆಲ್ಲಗೆ ಕೇಳಿದ, 'ಆ ಪತ್ರ ಬರಲೇ ಇಲ್ಲವಲ್ಲ ಅಕ್ಕಾ, ಯಾಕೆ?' ನಾನು ಅಂದೆ...

'ದೇವರ ಕೃಪೆ ಕಣೋ' ಅಂದೆ.

ದೇವರ ಹೆಸರು ಹೇಳಿದೆ ಮಗಳೇ. ನನ್ನ ಡ್ರಾಯರಿಗೆ ದೇವರ ಹೆಸರಿಟ್ಟೆ.

ಆಗಸ್ಟಿನಲ್ಲಿ... ತೀರ್ಪು ಬಂದು ಹನ್ನೊಂದು ತಿಂಗಳೂ ತುಂಬಿರಲಿಲ್ಲ. ಆ ದಿನ ಅವನು ರಸ್ತೇಲಿ ಇರಲೇಬಾರದಿತ್ತು. ಅವನಿಗೂ ಗೊತ್ತಿಲ್ಲ ಇದು. ಪಾದ್ರಿಗಳಿಗೂ ಹೇಳಿಲ್ಲ. ಮೊಣಕಾಲೂರಿ ಸಾವಿರ ಸಲ ಬೇಡಿಕೊಂಡೆ, ಕರ್ತನು ಮಾತ್ರ ಸುಮ್ಮನಿದ್ದ. ಸರಿ, ಇವತ್ತು ನಿನ್ನನ್ನ ಕಳಿಸಿದ್ದಾನೆ.

ಬಯ್ಯಿ ತಾಯಿ. ಕೂಗಾಡು. ಹೊಡೆದರೂ ಸರಿ...

ಏನು? ಅದನ್ನ ಯಾಕೆ ಈ ಕಡೆ ತಳ್ತಿದ್ದೀಯ? ತೀರ್ಪು ಅಲ್ಲಿದೆ ನೋಡು, ಇದು ಬಿಳಿ ಹಾಳೆ...

ಓ.

ಇದರ ಪ್ರತಿಯೂ ಬೇಕಾ? ಮುದ್ರೆ ಒತ್ತಿ?

ಸರಿ... ಸರಿ ಮಗಳೇ. ಹಾಗೇ ಆಗಲಿ, ಇದೂ ಸೋಮವಾರ ನ್ಯಾಯಾಧೀಶರ ಮುಂದೆ ಹೋಗಲಿ. ಯಂತ್ರ ಬಿಸಿಯಾಗಲಿಕ್ಕೆ ಒಂದು ನಿಮಿಷ ಹಿಡಿಯುತ್ತೆ... ಹಾಂ, ಬಂತು. 'ಈ ಕಚೇರಿಯಲ್ಲಿರುವ ಮೂಲದ ನಿಜಪ್ರತಿ.' ಕೆಳಗೆ ಸಹಿ, ಆಲ್ಮಾ ಡೀಟ್ಸ್. ಇವತ್ತಿನ ತಾರೀಖು.

ಇನ್ನು ಮುದ್ರೆ. ಇದಕ್ಕೆ ಎರಡೂ ಕೈ ಬೇಕು, ತುಂಬ ಭಾರ...

ಕಾಗದದ ತುದಿ ಸ್ವಲ್ಪ ಹಿಡಿದುಕೋ ಮಗಳೇ.