ಅರಾಬಾ ಪಕ್ಕದ ಖಾಲಿ ಹಲಗೆ

ಇನ್ನೂ ಹತ್ತಿರ ಬನ್ನಿ, ಮೀನಿನ ಹೊಗೆ ಈ ಕಡೆ ಬರಲ್ಲ. ಮೀನು ಹೊಗೆಯಲ್ಲಿ ಒಣಗಬೇಕಲ್ಲ, ನಾನಂತೂ ಬೆಳಗಿನ ತನಕ ಒಲೆ ಮುಂದೆ ಕೂರಲೇಬೇಕು, ಅದಕ್ಕೇ ಹೇಳ್ತೀನಿ. ಕಟ್ಟುಕತೆ ಅಂತ ನಗೋರು ಈಗಲೇ ಎದ್ದು ಹೋಗಿ. ನನ್ನ ದೊಡ್ಡಮ್ಮನ ಮಗ ಎಬೊಗೆ ಆದದ್ದು ಇದು. ಕೋಟೆ ಇರೋ ಆ ಊರಲ್ಲಿ ನಾವಿದ್ದಾಗ.

ಎಬೊ ದೋಣಿಯ ತಂಡೇಲ, ಹುಟ್ಟು ಹಾಕೋರಿಗೆಲ್ಲ ಮುಖಂಡ. ಬಿಳಿಯರ ಹಡಗು ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತೆ. ನಮ್ಮ ದಡದ ಅಲೆ ದಾಟೋದು ಅವರಪ್ಪನ ಕೈಲೂ ಆಗಲ್ಲ. ನಮ್ಮವರೇ ದಾಟಿಸಬೇಕು. ಬಟ್ಟೆ, ಬಂದೂಕು, ಬ್ರಾಂದಿ ಈ ಕಡೆಗೆ. ಮನುಷ್ಯರು ಆ ಕಡೆಗೆ. ಹ್ಞೂಂ... ಮನುಷ್ಯರು. ಗುಲಾಮರು ಅಂತ ಕೊಂಡು ಕೋಟೆಯ ನೆಲಮಾಳಿಗೆಯಲ್ಲಿ ಕುರಿ ಹಾಗೆ ಕೂಡಿ ಹಾಕಿದವರು. ನಾನು ಎಷ್ಟೋ ಸಲ ಬೈದೆ. "ನಾನು ಹಿಡಿದು ತಂದನಾ? ನಾನು ಮಾರಿದನಾ? ಹುಟ್ಟು ಹಾಕ್ತೀನಿ, ಅಷ್ಟೇ" ಅಂತಿದ್ದ. ಅಷ್ಟೇ ಅಂತೆ!

ಆ ಸೋಮವಾರ ರಾತ್ರಿ ಕೋಟೆಯಿಂದ ಒಬ್ಬನೇ ಬರ್ತಿದ್ದ. ಕೂಡಿಟ್ಟವರನ್ನ ನಾಳೆ ಬೆಳಿಗ್ಗೆನೇ ಸಾಗಿಸಿಬಿಡು, ಒಂದು ಪೀಪಾಯಿ ಬ್ರಾಂದಿ ಕೊಡ್ತೀನಿ ಅಂದಿದ್ದ ಬಿಳಿಯ. ಮಂಗಳವಾರ! ಅದು ಸಮುದ್ರದ ದಿನ. ನಮ್ಮ ಕಡೆ ಅವತ್ತು ಮಗು ಕೂಡ ಹುಟ್ಟು ಮುಟ್ಟಲ್ಲ. ಇವನು ಹ್ಞೂಂ ಅಂದು ಬಂದಿದ್ದ.

ಬಾವಿ ಪಕ್ಕದ ಬೂರುಗದ ಮರದ ಹತ್ತಿರ ಬಂದ... ಟಿಕ್. ನಿಂತ. ಟಿಕ್... ಟಿಕ್... ಹೆಂಗಸರ ಸೊಂಟದ ಮಣಿ ಒಂದಕ್ಕೊಂದು ತಾಗೋ ಸದ್ದು. ಅದರ ಹಿಂದೆಯೇ ಒದ್ದೆ ಬಟ್ಟೆಯಿಂದ ನೀರು, ಒಣಗಿದ ಎಲೆ ಮೇಲೆ. ತೊಟ್... ತೊಟ್...

"ಯಾರದು?"

"ನಿನ್ನ ದೋಣೀಲಿ ಕೂತಿದ್ದವಳು."

"ಯಾವಾಗ?"

"ಹೋದ ಮಳೆಗಾಲ. ನೀರು ಕೇಳಿದೆ... ನೀನು ಹಾಡು ಹೇಳ್ತಿದ್ದೆ."

ಎಬೊಗೆ ನೆನಪಾಯ್ತು. ಹಡಗಿಗೆ ಹತ್ತಿಸೋವಾಗ ಸಮುದ್ರಕ್ಕೆ ಹಾರಿದವಳು. ಮೇಲೆ ಬರಲೇ ಇಲ್ಲ.

"ಏನು ಬೇಕು ತಾಯಿ?"

"ನಾಳೆ ನನಗೊಂದು ಜಾಗ ಬಿಡು... ಅರಾಬಾ ಪಕ್ಕದಲ್ಲಿ."

ಅರಾಬಾ ನನ್ನ ಮಗಳು.

ಸಂಜೆ ಬಾವಿಗೆ ಹೋದವಳು ಬಂದಿರಲಿಲ್ಲ. ನಾನು ಕೊಳ್ಳಿ ಹಿಡಿದು ಮನೆಮನೆ ಹುಡುಕ್ತಿದ್ದೆ. ಎಬೊ ಏದುಸಿರು ಬಿಡ್ತಾ ಓಡಿ ಬಂದ. "ಅರಾಬಾ ಎಲ್ಲಿ?" ಅಂದ. ನನ್ನ ಮುಖ ನೋಡಿದವನೇ ನೆಲದ ಮೇಲೆ ಕೂತ. ಮರದ ಹತ್ತಿರ ಆದದ್ದನ್ನ ಪಿಸುಮಾತಲ್ಲಿ ಹೇಳಿದ.

ಹೊಡೆದೆ. ಹೌದು, ಅಣ್ಣ ಅಂತ ನೋಡಲಿಲ್ಲ, ಕೆನ್ನೆಗೆ ಬಾರಿಸಿದೆ. "ಕಂಡವರ ಮಕ್ಕಳನ್ನ ಸಾಗಿಸಿದಾಗ ಹೊಟ್ಟೆ ತಣ್ಣಗಿತ್ತು. ಈಗ ಉರೀತಾ?"

"ಮೆಲ್ಲಗೆ ಮಾತಾಡು ಎಕುವಾ, ಕೋಟೆಯವರ ಕಿವಿಗೆ ಬಿದ್ದೀತು..."

"ಮೆಲ್ಲಗೆ ಅಂತೆ! ಊರ ಒಡೆಯನೇ ಹಿಡಿಸಿ ಮಾರಿರ್ತಾನೆ. ಬೇಲಿನೇ ಎದ್ದು ಹೊಲ ಮೇಯ್ದ ಮೇಲೆ ಇನ್ನೇನು ಮೆಲ್ಲಗೆ?"

ಅವನು ತಲೆ ಎತ್ತಲಿಲ್ಲ. "ಬೆಳಿಗ್ಗೆ ಬಂಡೆ ಆಚೆ ಕಾಯ್ತಿರು. ದೋಣಿ ಹಡಗಿಗೆ ಹೋಗಲ್ಲ" ಅಂದ.

"ಬಂದೂಕಿನವನು ಇರ್ತಾನಲ್ಲೋ?"

"ಇರಲಿ." ಎದ್ದು ಹೋಗಿ ಹುಟ್ಟಿನವರನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿದ.

ಬೆಳಿಗ್ಗೆ ಮರಳುಗಾಡಿನ ಗಾಳಿ ಹೊತ್ತು ತಂದ ಧೂಳಿನ ಮಬ್ಬು. ಒಂದು ಮಾರು ಆಚೆ ಏನೂ ಕಾಣದು. ಅರಾಬಾಳನ್ನ, ಇನ್ನೂ ಕೆಲವರನ್ನ ಕೈಗೆ ಹಗ್ಗ ಬಿಗಿದು ದೋಣಿಗೆ ತಳ್ಳಿದರು. ಅವಳ ಪಕ್ಕದ ಕೂರೋ ಹಲಗೆಯನ್ನ ಎಬೊ ಖಾಲಿ ಬಿಟ್ಟ.

"ಇದು ಯಾರಿಗೋ?" ಅಂದ ಕಾವಲಿಗೆ ಹತ್ತಿದ ಬಿಳಿಯ.

"ಹಿಂದೆ ಒಂದು ಸಲ ಬಂದಿದ್ದಳು ದೊರೆ. ಅವಳಿಗೆ."

ಅವನು ಹೊಟ್ಟೆ ಕುಣಿಸಿ ನಕ್ಕ. ಬೂಟುಗಾಲು ಎರಡನ್ನೂ ಎತ್ತಿ ಆ ಹಲಗೆ ಮೇಲೆ ಚಾಚಿದ.

ಮೊದಲ ಅಲೆ ದಾಟಿತು. ಎರಡನೆಯದು ದಾಟಿತು. ಅವತ್ತು ಯಾರೂ ಹಾಡಲಿಲ್ಲ. ಹುಟ್ಟು ನೀರಿಗೆ ಬೀಳೋದಷ್ಟೇ... ಚಳಕ್... ಚಳಕ್... ಆಮೇಲೆ, ಟಿಕ್. ಟಿಕ್... ಟಿಕ್... ಅರಾಬಾ ಪಕ್ಕಕ್ಕೆ ತಿರುಗಿದಳು. ಅವಳ ಸೊಂಟದ ಮಣಿಯನ್ನ ಕೋಟೆಯಲ್ಲೇ ಕಿತ್ತುಕೊಂಡಿದ್ದರು, ಪಾಪಿಗಳು. ಮೂರನೇ ಅಲೆ ಎದ್ದಿತು... ಇಳಿಯಿತು. ದೋಣಿ ವಾಲಲಿಲ್ಲ. ಯಾರ ಮೈಮೇಲೂ ಹನಿ ಬೀಳಲಿಲ್ಲ. ಬಂದೂಕು ಅಲ್ಲೇ ಇತ್ತು. ಬಿಳಿಯ ಇರಲಿಲ್ಲ. ಕೂಗಲೂ ಇಲ್ಲ, ನೀರಿಗೆ ಬಿದ್ದ ಸದ್ದೂ ಇಲ್ಲ.

ಬಂಡೆ ಆಚೆ ದೋಣಿ ಮರಳಿಗೆ ಉಜ್ಜಿದ್ದು ಕೇಳಿ ನೀರಿಗೆ ಓಡಿದೆ. ಮಗಳ ಕೈ ಹಗ್ಗವನ್ನ ಹಲ್ಲಲ್ಲೇ ಕಡಿದೆ. ಉಳಿದವರದನ್ನ ಹುಟ್ಟಿನವರು ಬಿಚ್ಚಿದರು. ಅವತ್ತು ಬಿಟ್ಟ ಊರು, ಮತ್ತೆ ಆ ಕಡೆ ತಲೆ ಹಾಕಿಲ್ಲ.

ಎಬೊ ಮತ್ತೆ ಹುಟ್ಟು ಮುಟ್ಟಲಿಲ್ಲ. ಅಷ್ಟಕ್ಕೇ ಅವನನ್ನ ಹೊಗಳೋಕೆ ಹೋಗಬೇಡಿ. ನನ್ನ ಮಗಳ ಹೆಸರು ಆ ಸಮುದ್ರಕ್ಕೆ ಹಾರಿದವಳಿಗೆ ಗೊತ್ತಿತ್ತು. ಅವಳ ಹೆಸರನ್ನ ಇವನು ಕೇಳಲೇ ಇಲ್ಲ! ಕೇಳಿದ್ದಿದ್ರೆ, ಮಂಗಳವಾರ ಮಂಗಳವಾರ ಸಮುದ್ರದ ಅಂಚಲ್ಲಿ ಬಾವಿ ನೀರು ಬಿಡ್ತೀನಲ್ಲ, ಆಗ ಹೆಸರು ಹಿಡಿದು ಕರೆದು ಕುಡಿಸ್ತಿದ್ದೆ. ಈಗ ಏನಂತ ಕರೀಲಿ?

ಸುಳ್ಳು ಅನ್ನೋರು ಅರಾಬಾನ ಕೇಳಿ, ಅಲ್ಲೇ ಮೀನು ಸೀಳ್ತಿದಾಳೆ. ಆ ಖಾಲಿ ಹಲಗೆ ಮೇಲೆ ಅವನ ಬೂಟು ಎರಡೂ ಇದ್ದವು. ನಾನೇ ಕೈಯಾರೆ ಎತ್ತಿ ನೋಡಿದೀನಿ. ಬಕಲ್ ಬಿಚ್ಚಿರಲಿಲ್ಲ.