ಎನೋಕ್ ಮಾಮನ ಹೆಸರು

ದೀಪ ಸಣ್ಣ ಮಾಡು... ಹಾಂ, ಸಾಕು. ಕಿಟಕಿ ಕಡೆ ನೋಡಬೇಡಿ, ಅದು ಗಾಳಿ. ಇದು ನಮ್ಮ ದೊಡ್ಡಪ್ಪನ ಮಗಳು ನಿಕೋಲಿನೆಗೆ ಆದದ್ದು. ಕಟ್ಟುಕತೆ ಅನ್ನುವವರು ಈಗಲೇ ಎದ್ದು ಹೋಗಬಹುದು. ಕತ್ತಲೆಯಲ್ಲಿ ಆಗಿದ್ದರೆ ನಾನೂ ನಂಬುತ್ತಿರಲಿಲ್ಲ. ಆದದ್ದು ಬೇಸಿಗೆಯಲ್ಲಿ, ಸೂರ್ಯ ಮುಳುಗದ ದಿನಗಳಲ್ಲಿ. ಕತ್ತಲಲ್ಲಿ ಬಂದದ್ದಕ್ಕೆ ದೀಪ ಹಚ್ಚಬಹುದು. ಬೆಳಕಲ್ಲೇ ಬಂದು ನಿಂತದ್ದಕ್ಕೆ ಏನು ಹಚ್ಚುತ್ತೀರಿ?

ಪ್ರವಾಸಿಗರ ಹಡಗು ಬಂದಿತ್ತು. ಕೆಂಪು ಜಾಕೀಟಿನ ಜನ ಕೊಲ್ಲಿಯ ಆಚೆಯ ಹಾಳುಮನೆಗಳನ್ನು ನೋಡಿ ವಾಪಸು ಹೊರಟಿದ್ದರು. ಹಿಮಕರಡಿ ಬಂದೀತು ಅಂತ ಬಂದೂಕು ಹಿಡಿದು ಅವರ ಹಿಂದೆ ನಡೆಯುವ ಕೆಲಸ ನಿಕೋಲಿನೆಯದು. ಅವಳಿಗೂ ಅಂಥದೇ ಕೆಂಪು ಜಾಕೀಟು ಕೊಟ್ಟಿದ್ದರು. ದಾರಿಯಲ್ಲಿ ಮಂಜು ಇಳಿಯಿತು. ಮಾಂಸ ಒಣಹಾಕುವ ಅಟ್ಟಣೆ ದಾಟಿದರೆ ದಂಡೆ, ದಂಡೆಯಲ್ಲಿ ರಬ್ಬರ್ ದೋಣಿ. ಸಾಲಿನಲ್ಲಿ ಕೊನೆಯವಳು ಅವಳೇ.

ಆದರೂ ಹಿಂದೆ ಹೆಜ್ಜೆ... ಚರಕ್. ಚರಕ್.

ಹಡಗಿನವರ ರಬ್ಬರ್ ಬೂಟು ಡಬ್ ಡಬ್ ಅನ್ನುತ್ತದೆ. ಇದು ಚರ್ಮದ ಬೂಟು, ಸಣ್ಣ ಕಲ್ಲಿನ ಮೇಲೆ. ಅವಳು ನಿಂತಳು. ಅದೂ ನಿಂತಿತು. ಅಟ್ಟಣೆಯ ಕೆಳಗೆ ಕಟ್ಟಿದ ನಾಯಿಗಳು ಯಾರು ಹೋದರೂ ಊಳಿಡುವಂಥವು. ಅವತ್ತು ಮೂತಿಯನ್ನು ಬಾಲದಡಿ ತೂರಿಸಿಕೊಂಡು, ಕಣ್ಣು ಮಾತ್ರ ಬಿಟ್ಟು ಮಲಗಿದ್ದವು. ನಿಕೋಲಿನೆ ತಿರುಗಿ ನೋಡಲಿಲ್ಲ. ಅದು ಯಾರ ನಡಿಗೆ ಅಂತ ಅವಳಿಗೆ ಗೊತ್ತಿತ್ತು. ಭಯಕ್ಕಿಂತ ಮುಂಚೆ ಬಂದದ್ದು ನಾಚಿಕೆ.

ಹಿಂದಿನ ಬೇಸಿಗೆಯ ಮಾತು. ಇದೇ ದಂಡೆ. ಅವಳ ತಾಯಿಯ ತಮ್ಮ ಎನೋಕ್, ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಬಂದೂಕು ಹಿಡಿಯಲು ಕಲಿಸಿದವನು, ಒಂದು ಸೀಲ್ ಹೊಡೆದು ತಂದು ನೀರಂಚಿನಲ್ಲೇ ಹೊಟ್ಟೆ ಬಗೆಯುತ್ತಿದ್ದ. ಊರಿಗೆ ಬಂದವರಿಗೆ ಮೊದಲ ತುತ್ತು ಕೊಡದೆ ತಿಂದವನಲ್ಲ ಅವನು. ಮೊಣಕೈವರೆಗೂ ರಕ್ತ, ಬಾಯಗಲ ನಗು, ಅಂಗೈಯಲ್ಲಿ ಹಬೆಯಾಡುವ, ಸೀಲಿನ ಹಸಿ ಈಲಿಯ ತುಂಡು. ಹಡಗಿನವರ ಮುಂದೆ ಚಾಚಿದ. ಅವರು ಮೂಗು ಮುಚ್ಚಿಕೊಂಡರು.

"ಯಾರಿವನು? ನಿಮ್ಮವನಾ?" ಅಂತ ಒಬ್ಬ ಹೆಂಗಸು ನಿಕೋಲಿನೆಯನ್ನು ಕೇಳಿದಳು.

ಇವಳು ನಕ್ಕು, "ಅಯ್ಯೋ, ಯಾರೋ ಕುಡುಕ. ನಂಗೊತ್ತಿಲ್ಲ" ಅಂದುಬಿಟ್ಟಳು. ಹಡಗಿನವರ ಡೇನಿಷ್ ಭಾಷೆಯಲ್ಲಿ. ಎನೋಕ್ ಹವಾಮಾನ ಕೇಂದ್ರದಲ್ಲಿ ಚಾಕರಿ ಮಾಡಿ ಆ ಭಾಷೆ ಕಲಿತವನು ಅನ್ನುವುದು ಅವಳಿಗೆ ಮರೆತಿತ್ತಂತೆ. ಮರೆತಿತ್ತೋ, ಹೊಸ ಜಾಕೀಟು ಮರೆಸಿತ್ತೋ.

ಅವನು ತುಂಡನ್ನು ಒಂದು ಚಪ್ಪಟೆ ಕಲ್ಲಿನ ಮೇಲಿಟ್ಟ. ಕೈ ಒರೆಸಿಕೊಂಡ. ಹಿಮದ ಬೆಟ್ಟದ ಕಡೆ ನಡೆದುಬಿಟ್ಟ. ಬಂದೂಕು ದೋಣಿಯಲ್ಲೇ ಉಳಿಯಿತು, ದೋಣಿ ಕಟ್ಟಿದಲ್ಲೇ ಉಳಿಯಿತು. ಅವಮಾನ ತಡೆಯಲಾರದೆ ಹಾಗೆ ಬೆಟ್ಟ ಸೇರಿದವರನ್ನು ನಾವು ಕ್ವಿವಿತ್ತೋಕ್ ಅನ್ನುತ್ತೇವೆ. ಅವರು ಸತ್ತವರ ಲೆಕ್ಕಕ್ಕೂ ಇಲ್ಲ, ಬದುಕಿದವರ ಲೆಕ್ಕಕ್ಕೂ ಇಲ್ಲ. ಮಂಜಿನಲ್ಲಿ ಸಿಳ್ಳೆ ಕೇಳಿದರೆ ಅವರು ಹತ್ತಿರವಿದ್ದಾರೆ ಅಂತ. ಯಾಕೆ ಹೋದ ಅಂತ ಊರೆಲ್ಲ ತಲೆ ಕೆಡಿಸಿಕೊಂಡಿತು. ನಿಕೋಲಿನೆ ಬಾಯಿ ಬಿಡಲಿಲ್ಲ.

ಚಳಿಗಾಲ ಮುಗಿಯುವಾಗ ಅವಳಿಗೆ ಗಂಡುಮಗು ಹುಟ್ಟಿತು. ಹುಟ್ಟಿದಾಗಿನಿಂದ ಒಂದೇ ಅಳು. ಹಾಲು ಕುಡಿಯದು, ಕುಡಿದರೂ ಕಕ್ಕುವುದು. ಕೈಕಾಲು ಕಡ್ಡಿಯಾದವು. ನಮ್ಮಲ್ಲಿ ಮಗು ಹಾಗೆ ಅತ್ತರೆ ಸತ್ತ ಯಾರೋ ತಮ್ಮ ಹೆಸರು ಕೇಳುತ್ತಿದ್ದಾರೆ ಅಂತ ಅರ್ಥ. ಆ ಹೆಸರಿಟ್ಟರೆ ಅವರು ಮಗುವಿನೊಳಗೆ ಬಂದು ಸೇರುತ್ತಾರೆ, ಅಳು ನಿಲ್ಲುತ್ತದೆ.

"ಎನೋಕ್ ಅಂತ ಕರಿಯೇ," ಅಂದಳು ತಾಯಿ. "ನನ್ ತಮ್ಮ ಬಂದು ಬಾಗಿಲಲ್ಲಿ ನಿಂತಿದಾನೆ."

"ಬದುಕಿರೋರ ಹೆಸರು ಇಡ್ತಾರೇನಮ್ಮ? ಮಾಮ ಬರ್ತಾನೆ, ಸುಮ್ನಿರು."

"ಬರೋನಾಗಿದ್ರೆ ಹೋಗ್ತಿದ್ನೇನೇ? ಏನಾಯ್ತು ಅಂತ ನಿಂಗೇನಾದ್ರೂ ಗೊತ್ತಾ?"

"ನಂಗೇನ್ ಗೊತ್ತು!"

ಹೆಸರಿಟ್ಟರೆ ಅವನು ಸತ್ತ ಅಂತ ಒಪ್ಪಿದ ಹಾಗೆ. ಒಪ್ಪಿದರೆ, ಕೊಂದವರು ಯಾರು? ಅತ್ತ ಮಗು ಸವೆಯುತ್ತಿತ್ತು, ಇತ್ತ ಇವಳು ಬಾಯಿಗೆ ಬೀಗ ಹಾಕಿಕೊಂಡೇ ಇದ್ದಳು.

ಈಗ, ಮಂಜಿನಲ್ಲಿ... ಚರಕ್. ಚರಕ್. ಹೇಗೋ ದಂಡೆ ಮುಟ್ಟಿದಳು. ದೋಣಿಗೆ ಕಾಯುತ್ತಿದ್ದ ಹಡಗಿನ ಒಬ್ಬ ಮುದುಕಿ ಅವಳ ಹೆಗಲಾಚೆ ನೋಡಿ ಮೆಲ್ಲಗೆ ಕೇಳಿದಳು:

"ನಿಮ್ ಹಿಂದೆ ಒಬ್ರು ನಿಂತಿದಾರಲ್ಲ... ಯಾರವರು? ನಿಮ್ಮವರಾ?"

ತಿರುಗಿದಳು. ಆ ಚಪ್ಪಟೆ ಕಲ್ಲಿನ ಪಕ್ಕ ನಿಂತಿದ್ದ. ಅಂಗೈ ಮುಂದೆ ಚಾಚಿತ್ತು. ಬೆರಳ ಸಂದಿಯಿಂದ ತೊಟ್... ತೊಟ್... ಕಲ್ಲಿನ ಮೇಲೆ. ಬಯ್ಯಲಿಲ್ಲ, ಹೆದರಿಸಲಿಲ್ಲ. ಅವಳ ಬಾಯಿಯನ್ನೇ ನೋಡುತ್ತಿದ್ದ, ಅಷ್ಟೇ.

ಹಡಗಿನವರೆಲ್ಲ ಇವಳತ್ತ ತಿರುಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. "ಗೊತ್ತಿಲ್ಲ" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು... ನೋಡಿ, ಆಗಲೂ! ಇದನ್ನು ಹೇಳುವಾಗ ನಿಕೋಲಿನೆ ಈಗಲೂ ತಲೆ ಎತ್ತುವುದಿಲ್ಲ.

"ನಮ್ ಮಾಮ," ಅಂದಳು. ಮತ್ತೆ, ಎಲ್ಲರಿಗೂ ಕೇಳುವ ಹಾಗೆ, ಡೇನಿಷಿನಲ್ಲೇ: "ನಮ್ಮಮ್ಮನ ತಮ್ಮ. ಎನೋಕ್ ಅಂತ. ಹೋದ್ ವರ್ಷ ಇಲ್ಲೇ ನಿಂತ್ಕೊಂಡು, ಯಾರೋ ಕುಡುಕ ಅಂದಿದ್ದೆ. ಇವನು ನಮ್ಮವನು."

ಒಂದು ಸಿಳ್ಳೆ... ಉದ್ದಕ್ಕೆ. ಹಕ್ಕಿಯದಲ್ಲ. ಮಂಜು ಒಂದಿಷ್ಟು ಸರಿಯಿತು. ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಈಲಿಯ ತುಂಡಿತ್ತು, ಇನ್ನೂ ಹಬೆಯಾಡುತ್ತಿತ್ತು. ನಿಕೋಲಿನೆ ಜಾಕೀಟು ಬಿಚ್ಚಿಟ್ಟು ಮಂಡಿಯೂರಿ, ಮೂಗು ಮುಚ್ಚಿಕೊಂಡ ಅಷ್ಟೂ ಜನರ ಎದುರು ಅದನ್ನು ತಿಂದಳು. ಅಳುತ್ತಲೇ ತಿಂದಳು.

ಮನೆಗೆ ಓಡಿದರೆ ಮಗು ಮಲಗಿತ್ತು. "ಹೊರಗೆ ಯಾರೋ ಸಿಳ್ಳೆ ಹಾಕಿದ್ರು, ಅಳು ನಿಲ್ಲಿಸ್ತು," ಅಂದಳು ತಾಯಿ. ಇವಳು ಎಲ್ಲವನ್ನೂ ಹೇಳಿದಳು. ತಾಯಿ ಬಹಳ ಹೊತ್ತು ಮಗಳ ಮುಖ ನೋಡಲಿಲ್ಲ. ಆಮೇಲೆ ಮಗುವನ್ನು ಎತ್ತಿಕೊಂಡು, "ಬಾರೋ ತಮ್ಮಾ, ಹಸಿದಿದೀಯಾ," ಅಂದಳು.

ಈಗ ಪುಟ್ಟ ಎನೋಕನಿಗೆ ಮೂರು ತುಂಬಿದೆ. ಅಜ್ಜಿ ಅವನನ್ನು ತಮ್ಮ ಅನ್ನುತ್ತಾಳೆ, ಹೆತ್ತವಳು ಮಾಮ ಅನ್ನುತ್ತಾಳೆ. ಗುಂಡುಕಲ್ಲಿನ ಹಾಗಿದ್ದಾನೆ. ಆ ಹಳೇ ಮಾತನ್ನು ಅವನ ಕಿವಿಗೆ ಯಾರೂ ಹಾಕಿಲ್ಲ, ನನ್ನಾಣೆ. ಆದರೆ ಹಡಗು ಬಂದಾಗ ಯಾರಾದರೂ ಅವನ ಕೆನ್ನೆ ಹಿಂಡಿ "ಯಾರ ಮಗು ಇದು?" ಅಂತ ಕೇಳಲಿ... ಆಟ ನಿಲ್ಲಿಸುತ್ತಾನೆ. ತಿರುಗಿ ನಿಕೋಲಿನೆಯ ಬಾಯಿಯನ್ನೇ ನೋಡುತ್ತಾನೆ. ಅವಳು ಉತ್ತರ ಹೇಳುವವರೆಗೂ ರೆಪ್ಪೆ ಬಡಿಯುವುದಿಲ್ಲ. ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ.